1919ರ ಸಾಲಿನಲ್ಲಿ ಇನ್ನೊಂದು ಮಾತು ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಐಸ್ ಹಾಕಿ ಬಗ್ಗೆ ಬಂದ ಲೇಖನ ಓದಿ ತುಂಬಾ ಖುಷಿಯಾಯಿತು. ಆ ಆಟದ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಓದಲು ಸಿಗುವುದೇ ಅಪರೂಪ. ನಾನು ಸಿಯಾಟಲ್‌ನಲ್ಲಿ ಇರುವವನು. ಬೆಳಿಗ್ಗೆ ಕಾಫಿ ಜೊತೆ ನಿಮ್ಮ ಇ-ಪೇಪರ್ ಓದದೆ ಕೆಲಸಕ್ಕೆ ಹೊರಡುವುದಿಲ್ಲ.

ಲೇಖನದ ಕೆಳಗೆ ಕಪ್ ಗೆದ್ದವರ ಪಟ್ಟಿ ಇತ್ತು. 1919 ಮತ್ತು 2005, ಎರಡೂ ವರ್ಷಗಳ ಮುಂದೆ ‘ಪ್ರಶಸ್ತಿ ನೀಡಲಿಲ್ಲ’ ಎಂದು ಒಂದೇ ಮಾತು ಹಾಕಿದ್ದೀರಿ. ಅದು ಸುಳ್ಳಲ್ಲ. ಆದರೆ ಆ ಎರಡು ವರ್ಷಗಳನ್ನು ಒಂದೇ ಮಾತಿನಲ್ಲಿ ಮುಗಿಸಿದ್ದು ಮನಸ್ಸಿಗೆ ಬೇಜಾರಾಯಿತು. ಅದಕ್ಕೇ ಈ ಪತ್ರ.

2005ರದ್ದು ದುಡ್ಡಿನ ಜಗಳ. ಸಂಬಳಕ್ಕೆ ಮಿತಿ ಇರಬೇಕು ಅಂತ ತಂಡಗಳ ಮಾಲೀಕರು ಹಟ ಹಿಡಿದರು. ಆಟಗಾರರು ಒಪ್ಪಲಿಲ್ಲ. ಕೊನೆಗೆ 2005ರ ಫೆಬ್ರುವರಿ 16ರಂದು ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ ರದ್ದು ಎಂದು ಹೇಳಿಬಿಟ್ಟರು. ಲೀಗ್‌ನ 1230 ಪಂದ್ಯಗಳಲ್ಲಿ ಒಂದೂ ನಡೆಯಲಿಲ್ಲ. ಮುಂದಿನ ಸೀಸನ್‌ಗೆ ಆಟ ಮತ್ತೆ ಶುರುವಾಯಿತು.

1919ರಲ್ಲಿ ಹಾಗಾಗಲಿಲ್ಲ. ಆಡಲು ಬಂದ ಒಬ್ಬ ಆಟಗಾರ ಇದೇ ಸಿಯಾಟಲ್‌ನಲ್ಲಿ ತೀರಿಕೊಂಡ.

ಎನ್‌ಎಚ್‌ಎಲ್‌ಗೆ ಆಗ ಅದು ಎರಡನೇ ಸೀಸನ್. ಇದ್ದದ್ದೇ ಮೂರು ತಂಡ. ಅದರಲ್ಲೂ ಟೊರಾಂಟೊ ತಂಡ ಅರ್ಧಕ್ಕೇ ಬಿಟ್ಟು ಹೋಯಿತು. ಉಳಿದ ಒಟ್ಟಾವಾ ತಂಡವನ್ನು ಸೋಲಿಸಿದ ಮಾಂಟ್ರಿಯಲ್ ಕೆನೇಡಿಯನ್ಸ್, ಪಶ್ಚಿಮ ಕರಾವಳಿಯ ಲೀಗ್ ಗೆದ್ದ ಸಿಯಾಟಲ್ ಮೆಟ್ರೊಪಾಲಿಟನ್ಸ್ ಜೊತೆ ಕಪ್‌ಗಾಗಿ ಆಡಲು ರೈಲು ಹತ್ತಿ ಇಷ್ಟು ದೂರ ಬಂದರು. ಐದು ಪಂದ್ಯಗಳ ಸರಣಿ. ಮೂರು ಗೆದ್ದವರಿಗೆ ಕಪ್.

ಪೂರ್ವದ ನಿಯಮವೇ ಬೇರೆ, ಪಶ್ಚಿಮದ ನಿಯಮವೇ ಬೇರೆ. ಪಶ್ಚಿಮದಲ್ಲಿ ಒಂದು ತಂಡಕ್ಕೆ ಏಳು ಜನ, ಪೂರ್ವದಲ್ಲಿ ಆರೇ. ಹಾಗಾಗಿ ಒಂದು ಪಂದ್ಯ ಇವರ ನಿಯಮದಲ್ಲಿ, ಮುಂದಿನದ್ದು ಅವರ ನಿಯಮದಲ್ಲಿ. ಮೊದಲ ಪಂದ್ಯ ಸಿಯಾಟಲ್ 7-0. ಎರಡನೆಯದು ಮಾಂಟ್ರಿಯಲ್ 4-2. ಆ ನಾಲ್ಕೂ ಗೋಲು ನ್ಯೂಸಿ ಲಲಾಂಡ್ ಒಬ್ಬನೇ ಹೊಡೆದದ್ದು. ಮೂರನೆಯದು ಮತ್ತೆ ಸಿಯಾಟಲ್, 7-2.

ನಾಲ್ಕನೇ ಪಂದ್ಯದ ಬಗ್ಗೆ ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸಿಯಾಟಲ್ ಅದನ್ನು ಗೆದ್ದಿದ್ದರೆ ಕಪ್ ಅಲ್ಲಿಗೇ ಇತ್ಯರ್ಥ. ಅವರ ಆಟಗಾರ ಕಲಿ ವಿಲ್ಸನ್ ಚೆಂಡಿನ ಬದಲು ಆಡುವ ಆ ರಬ್ಬರ್ ಬಿಲ್ಲೆಯನ್ನು ಬಲೆಗೆ ಹೊಡೆದೂ ಹೊಡೆದ. ಆದರೆ ಅಷ್ಟರಲ್ಲಿ ಮೊದಲ ಅವಧಿ ಮುಗಿದ ಸೀಟಿ ಊದಿಯಾಗಿತ್ತು. ಗೋಲು ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ಎರಡೂ ಕಡೆಯ ಗೋಲ್‌ಕೀಪರ್‌ಗಳು, ಸಿಯಾಟಲ್‌ನ ಹ್ಯಾಪ್ ಹೋಮ್ಸ್ ಮತ್ತು ಮಾಂಟ್ರಿಯಲ್‌ನ ಜಾರ್ಜ್ ವೆಜಿನಾ, ಒಂದನ್ನೂ ಬಿಡಲಿಲ್ಲ. ಹೆಚ್ಚುವರಿ ಸಮಯ ಆಡಿದರೂ 0-0. ಆಟ ಮುಗಿದಾಗ ಆಟಗಾರರಿಗೆ ನಿಲ್ಲಲೂ ಶಕ್ತಿ ಇರಲಿಲ್ಲ. ಐದನೇ ಪಂದ್ಯದಲ್ಲಿ ಸಿಯಾಟಲ್ 3-0 ಮುಂದಿತ್ತು. ಮಾಂಟ್ರಿಯಲ್ ಬಿಡದೆ ಹಿಂದೆ ಬಿದ್ದು 4-3ರಲ್ಲಿ ಗೆದ್ದಿತು. ಈಗ ಇಬ್ಬರಿಗೂ ಎರಡೆರಡು ಗೆಲುವು, ಒಂದು ಡ್ರಾ. ಆರನೇ ಪಂದ್ಯ ಆಡಲೇಬೇಕಾಯಿತು. ಏಪ್ರಿಲ್ 1ಕ್ಕೆ ನಿಗದಿಯೂ ಆಯಿತು.

ಆ ಹೊತ್ತಿಗೆ, ಜಗತ್ತಿಗೆಲ್ಲ ಹಬ್ಬಿದ್ದ ಇನ್‌ಫ್ಲುಯೆಂಜಾ ಜ್ವರ ತಂಡದೊಳಗೇ ಬಂದಿತ್ತು. ಐದನೇ ಪಂದ್ಯದ ನಡುವೆಯೇ ಮಾಂಟ್ರಿಯಲ್‌ನ ಡಿಫೆನ್ಸ್ ಆಟಗಾರ ಜೋ ಹಾಲ್ ಆಡಲಾಗದೆ ಹೊರಗೆ ಹೋದ. ಲಲಾಂಡ್ ಸೇರಿ ಇನ್ನೂ ಹಲವರು ಮಲಗಿದರು. ಮ್ಯಾನೇಜರ್ ಜಾರ್ಜ್ ಕೆನಡಿಗೂ ಜ್ವರ. ಆಟಕ್ಕೆ ಕೆಲವೇ ಗಂಟೆ ಇರುವಾಗ ಪಂದ್ಯ ರದ್ದಾಯಿತು. ನಮಗೆ ತಂಡ ಇಳಿಸಲು ಆಗುತ್ತಿಲ್ಲ, ಕಪ್ ನೀವೇ ಇಟ್ಟುಕೊಳ್ಳಿ ಎಂದರು ಕೆನಡಿ. ಸಿಯಾಟಲ್‌ನ ಮ್ಯಾನೇಜರ್ ಪೀಟ್ ಮುಲ್ಡೂನ್ ಬೇಡ ಎಂದರು. ಕಾಯಿಲೆ ಬಿದ್ದವರ ಕೈಯಿಂದ ಕಪ್ ತೆಗೆದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ನೋಡಿ ಸಾರ್, ನಿಮ್ಮ ಪಟ್ಟಿಯ ‘ನೀಡಲಿಲ್ಲ’ ಅನ್ನುವ ಮಾತಿನಲ್ಲಿ ಇದಕ್ಕೆ ಜಾಗ ಇಲ್ಲ. ಕೊಡುತ್ತೇವೆ ಎಂದರೂ ಒಬ್ಬರು ತೆಗೆದುಕೊಳ್ಳಲಿಲ್ಲ!

ಏಪ್ರಿಲ್ 5ರಂದು ಜೋ ಹಾಲ್ ತೀರಿಕೊಂಡ. ಅಂಕಣದಲ್ಲಿ ಒರಟು ಆಟಕ್ಕೆ ಹೆಸರಾದ ಗಟ್ಟಿ ಆಳು. ವಯಸ್ಸು ನಲವತ್ತೂ ಆಗಿರಲಿಲ್ಲ. ಕೆನಡಿ ಪೂರ್ತಿ ಚೇತರಿಸಿಕೊಳ್ಳದೆ 1921ರಲ್ಲಿ ಹೋದರು.

ಇದೇ ಇನ್‌ಫ್ಲುಯೆಂಜಾ 1918ರಲ್ಲಿ ಬೊಂಬಾಯಿ ಬಂದರಿನಿಂದ ಒಳನಾಡಿಗೆ ಹಬ್ಬಿ ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದಿತ್ತು. ನಮ್ಮ ಅಜ್ಜಿಯ ತಾಯಿ ಅದರಲ್ಲೇ ಹೋದರಂತೆ. ಅಜ್ಜಿ ಆಗ ತೊಟ್ಟಿಲ ಕೂಸು. 2020ರ ಮಾರ್ಚ್‌ನಲ್ಲಿ ಇಲ್ಲಿ ಕೊರೊನಾ ಜಾಸ್ತಿಯಾಗಿ ಎನ್‌ಎಚ್‌ಎಲ್ ಸೀಸನ್ ನಿಂತಾಗ ನನಗೆ ಇಬ್ಬರೂ ಒಟ್ಟಿಗೆ ನೆನಪಾದರು: ಮುಖ ನೋಡಿರದ ಆ ಮುತ್ತಜ್ಜಿ, ಮತ್ತು ಜೋ ಹಾಲ್. ಆ ಸಲ ಲೀಗ್ ಆಗಸ್ಟ್ ತನಕ ಕಾದು, ಟೊರಾಂಟೊ ಮತ್ತು ಎಡ್ಮಂಟನ್‌ನಲ್ಲಿ ಆಟಗಾರರನ್ನು ಹೊರಗಿನವರ ಸಂಪರ್ಕ ಇಲ್ಲದಂತೆ ಇರಿಸಿ, ಪ್ರೇಕ್ಷಕರಿಲ್ಲದೆ ಆಡಿಸಿತು. ಸೆಪ್ಟೆಂಬರ್ ಕೊನೆಗೆ ಟ್ಯಾಂಪಾ ಬೇ ತಂಡ ಕಪ್ ಗೆದ್ದಿತು. 1919ರವರಿಗೆ ಹಾಗೆ ಕಾಯುವ ದಾರಿ ಇರಲಿಲ್ಲ.

ಕಪ್ಪಿನ ಮೇಲೆ ಈ ವ್ಯತ್ಯಾಸವನ್ನು ಕೆತ್ತಿಯೇ ಇಟ್ಟಿದ್ದಾರೆ. 2005ಕ್ಕೆ ‘ಸೀಸನ್ ಆಡಲಿಲ್ಲ’ ಎಂದಿದೆ. 1919ಕ್ಕೆ ಎರಡೂ ತಂಡಗಳ ಹೆಸರು ಹಾಕಿ, ಕೆಳಗೆ ‘ಸರಣಿ ಮುಗಿಯಲಿಲ್ಲ’ ಎಂದಿದೆ.

ಮುಂದಿನ ಸಲ ಈ ಪಟ್ಟಿ ಹಾಕುವಾಗ ದಯವಿಟ್ಟು 1919ರ ಮುಂದೆ ಇಷ್ಟು ಬರೆಯಿರಿ: ‘ಮಾಂಟ್ರಿಯಲ್ ಕೆನೇಡಿಯನ್ಸ್, ಸಿಯಾಟಲ್ ಮೆಟ್ರೊಪಾಲಿಟನ್ಸ್. ಇನ್‌ಫ್ಲುಯೆಂಜಾದಿಂದ ಸರಣಿ ಮುಗಿಯಲಿಲ್ಲ.’ ಜಾಗ ಇದ್ದರೆ ಜೋ ಹಾಲ್ ಹೆಸರನ್ನೂ ಸೇರಿಸಿ.

ಇಂತಿ,
ನಿಮ್ಮ ಹಳೆಯ ಓದುಗ
ಸಿಯಾಟಲ್ (ಊರು: ತೀರ್ಥಹಳ್ಳಿ)