ಮೇಣದಬತ್ತಿ ಸ್ವರ್ಗದ ಟಿಕೆಟ್ ಅಲ್ಲ

ಮಾನ್ಯ ಸಂಪಾದಕರೇ,

ಸತ್ತವರನ್ನು ನೆನೆಯುವ ನವೆಂಬರ್ 2ರಂದು ನಮ್ಮ ಗುಡ್ಡೆಯ ಸ್ಮಶಾನದಲ್ಲಿ ನಡೆದ ಪ್ರಾರ್ಥನೆಯ ಬಗ್ಗೆ, ಮೇಣದಬತ್ತಿ ಹಚ್ಚಿ ಕಾಣಿಕೆ ಕೊಟ್ಟರೆ ಸತ್ತವರಿಗೆ ಸ್ವರ್ಗ ಎಂಬಂತೆ ನವೆಂಬರ್ 3ರ ನಿಮ್ಮ ಸಂಚಿಕೆಯಲ್ಲಿ ಬಂದ ವರದಿ ಓದಿ ಈ ಪತ್ರ ಬರೆಯುತ್ತಿದ್ದೇವೆ. ಬರೆಯುತ್ತಿರುವವರು ಇಬ್ಬರು. ಒಬ್ಬರು ಆರ್.ಸಿ. (ರೋಮನ್ ಕಥೋಲಿಕ) ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು, ಇನ್ನೊಬ್ಬರು ಪ್ರೊಟೆಸ್ಟೆಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸಂಡೆ ಸ್ಕೂಲಿನವರು. ದೇವಶಾಸ್ತ್ರದ ವಿಷಯದಲ್ಲಿ ನಮಗೆ ಎಲ್ಲದರಲ್ಲೂ ಒಮ್ಮತವಿಲ್ಲ. ನಿಮ್ಮ ವರದಿ ತಪ್ಪು ಎಂಬುದರಲ್ಲಿ ಇದೆ.

ಬೆಳಿಗ್ಗೆ ಏಳಕ್ಕೆ ಶುರುವಾದ ಫೋನು ಇನ್ನೂ ನಿಂತಿಲ್ಲ. ಚರ್ಚಿನಲ್ಲಿ ಒಂದು ಪೂಜೆಗೆ (ಬಲಿಪೂಜೆಗೆ) ರೇಟು ಎಷ್ಟು, ಎಷ್ಟು ಕೊಟ್ಟರೆ ಸ್ವರ್ಗ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಗಂಟಲು ಒಣಗಿದೆ. ಆಫೀಸಿನಲ್ಲಿ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು, ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗಲೂ ಅದೇ ಮಾತು. ಅದನ್ನು ಸಹಿಸಿಕೊಳ್ಳಬಹುದು. ಆದರೆ ಕಳೆದ ವಾರವಷ್ಟೇ ಸಾವಾದ ಮನೆಯವರು, ನಾವು ಮೇಣದಬತ್ತಿ ಕಡಿಮೆ ಹಚ್ಚಿದೆವಾ ಎಂದು ಕೇಳುವಂತೆ ನೀವು ಮಾಡಿದ್ದೀರಿ. ಅದನ್ನು ಸಹಿಸಿಕೊಳ್ಳಲು ಆಗುವುದಿಲ್ಲ.

ವರದಿಯ ಪ್ರಕಾರ ಕ್ರೈಸ್ತರಲ್ಲಿ ಪುಣ್ಯ ಹೆಚ್ಚಾದರೆ ಸ್ವರ್ಗ, ಪಾಪ ಹೆಚ್ಚಾದರೆ ನರಕ, ಎರಡೂ ಸಮವಾದರೆ ನಡುವಿನ ಒಂದು ಲೋಕ. ಅಲ್ಲಿಂದ ಆತ್ಮವನ್ನು ಮೇಲೆತ್ತಲು ಮೇಣದಬತ್ತಿ, ಪೂಜೆ, ಕಾಣಿಕೆ. ಇದು ಯಾವ ಸಭೆಯ ಬೋಧನೆಯೂ ಅಲ್ಲ. ತಕ್ಕಡಿಯ ಲೆಕ್ಕದಲ್ಲಿ ರಕ್ಷಣೆ ಸಿಗುತ್ತದೆ ಎಂದು ಕಥೋಲಿಕರೂ ಹೇಳುವುದಿಲ್ಲ, ಪ್ರೊಟೆಸ್ಟೆಂಟರೂ ಹೇಳುವುದಿಲ್ಲ. ದೇವರ ಕೃಪೆಯಿಲ್ಲದೆ ಮನುಷ್ಯ ತನ್ನ ಬಲದಿಂದಲೇ ನೀತಿವಂತನಾಗಬಲ್ಲ ಎಂಬ ಪೆಲಾಜಿಯಸ್ ಎಂಬ ಬೋಧಕನ ವಾದವನ್ನು ಕ್ರಿ.ಶ. 418ರಲ್ಲೇ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ತಳ್ಳಿಹಾಕಿತ್ತು. ಸಾವಿರದ ಆರುನೂರು ವರ್ಷಗಳ ಹಿಂದೆ ತಳ್ಳಿಹಾಕಿದ್ದನ್ನು ನಿಮ್ಮ ವರದಿಗಾರರು ನಮ್ಮ ನಂಬಿಕೆ ಎಂದು ಮುಖಪುಟದಲ್ಲಿ ಅಚ್ಚು ಹಾಕಿಸಿದ್ದಾರೆ.

ಕಥೋಲಿಕರ ಬೋಧನೆಯನ್ನು ಮೊದಲು ಹೇಳುತ್ತೇವೆ, ಏಕೆಂದರೆ ಹೆಚ್ಚು ಪೆಟ್ಟು ಬಿದ್ದಿರುವುದು ಅದಕ್ಕೆ. ವಿಶ್ವಾಸವೊಂದರಿಂದಲೇ ರಕ್ಷಣೆ ಎಂದು ಸಾರಿ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಜರ್ಮನಿಯ ಮಾರ್ಟಿನ್ ಲೂಥರನ ವಾದಕ್ಕೆ ಉತ್ತರವಾಗಿ, ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ನೀತಿವಂತಿಕೆಯ ಬಗ್ಗೆ, ಅಂದರೆ ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬುದರ ಬಗ್ಗೆ, ತೀರ್ಪು ಹೊರಡಿಸಿತು. ಅದಕ್ಕೆ ಸೇರಿಸಿದ ನಿಯಮಗಳು 33. ಮೊದಲ ನಿಯಮವೇ, ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗುತ್ತಾನೆ ಎನ್ನುವವನನ್ನು ಬಹಿಷ್ಕರಿಸುತ್ತದೆ. ಒಂಬತ್ತನೆಯದು ವಿಶ್ವಾಸವೊಂದೇ ಸಾಕು, ಮನುಷ್ಯನ ಸಹಕಾರ ಬೇಕಿಲ್ಲ ಎನ್ನುವವನನ್ನು ಬಹಿಷ್ಕರಿಸುತ್ತದೆ. ಜನರಿಗೆ ನೆನಪಿರುವುದು ಒಂಬತ್ತನೆಯದು. ಮೊದಲನೆಯದನ್ನು ಓದುವವರಿಲ್ಲ. ಆರಂಭ ಪೂರ್ತಿ ದೇವರದ್ದು, ಉಚಿತ. ಆ ಕೃಪೆ ಸಿಕ್ಕವನು ಅದರ ಬಲದಲ್ಲೇ ಸತ್ಕಾರ್ಯ ಮಾಡುತ್ತಾನೆ, ಅದರಲ್ಲಿ ಬೆಳೆಯುತ್ತಾನೆ. ಆ ಸತ್ಕಾರ್ಯಕ್ಕೆ ದೇವರು ಕೊಡುವ ಪ್ರತಿಫಲವೂ ದೇವರ ದಾನವೇ.

ಇನ್ನು ಶುದ್ಧೀಕರಣ ಸ್ಥಳ, ನಮ್ಮ ಕೊಂಕಣಿಯವರು ಪುರ್ಗತೋರ್ ಅನ್ನುವುದು. ಇದು ಸ್ವರ್ಗಕ್ಕೂ ನರಕಕ್ಕೂ ನಡುವಿನ ಮೂರನೆಯ ಊರಲ್ಲ. ಸತ್ತವರಿಗೆ ಸಿಗುವ ಎರಡನೇ ಅವಕಾಶವೂ ಅಲ್ಲ. ದೇವರ ಸ್ನೇಹದಲ್ಲಿ ಸತ್ತವರು ಮಾತ್ರ ಅಲ್ಲಿರುತ್ತಾರೆ, ಅಲ್ಲಿರುವವರೆಲ್ಲ ಸ್ವರ್ಗಕ್ಕೇ ಹೋಗುತ್ತಾರೆ. ನರಕದಲ್ಲಿರುವವನನ್ನು ಸಾವಿರ ಪೂಜೆ ಇಡಿಸಿದರೂ ಹೊರತರಲಾಗದು. ಮಕ್ಕಳಿಗೆ ನಾವು ಹೇಳಿಕೊಡುವುದು ಹೀಗೆ: ಹುಡುಗನೊಬ್ಬ ಕಲ್ಲೆಸೆದು ನೆರೆಮನೆಯ ಹಂಚು ಒಡೆದ. ತಪ್ಪಾಯಿತು ಅಂದ, ನೆರೆಯವರು ಮನಸಾರೆ ಕ್ಷಮಿಸಿದರು. ಸಂಬಂಧ ಸರಿಯಾಯಿತು, ಆದರೆ ಮಾಡು ಇನ್ನೂ ಸೋರುತ್ತಿದೆ. ಹಂಚು ಹಾಕಬೇಕು, ಕಲ್ಲೆಸೆಯುವ ಚಾಳಿ ಬಿಡಬೇಕು. ಪಾಪದ ಅಪರಾಧಕ್ಕೆ ಕ್ಷಮೆ ಎಂಬುದು ಒಂದು, ಪಾಪ ಉಳಿಸಿಹೋದ ಹಾನಿಯನ್ನು ಸರಿಪಡಿಸುವುದು ಇನ್ನೊಂದು. ಶುದ್ಧೀಕರಣ ಎರಡನೆಯದಕ್ಕೆ.

ಇದು ಗೊತ್ತಿಲ್ಲದೆ ಇಂಡಲ್ಜೆನ್ಸ್, ಅಂದರೆ ಸಭೆ ಕೊಡುವ ದಂಡವಿಮೋಚನೆಯ ಬಗ್ಗೆ ಬರೆಯಲು ಹೋದರೆ ನಿಮ್ಮ ವರದಿಯಂಥದ್ದೇ ಹುಟ್ಟುತ್ತದೆ. ಶಾಲೆಯ ಚರಿತ್ರೆ ಪುಸ್ತಕದ ‘ಪಾಪವಿಮೋಚನಾ ಪತ್ರ’ದ ಅರ್ಥವನ್ನೇ ಹಿಡಿದು ಅದು ಇಂದಿಗೂ ಮಾರಾಟವಾಗುತ್ತಿದೆ ಎಂದು ಬರೆದಿದ್ದೀರಿ. ಜರ್ಮನಿಯಲ್ಲಿ ಟೆಟ್ಜೆಲ್ ಎಂಬ ಪ್ರಚಾರಕನಂಥವರು ಮಾರಿದ್ದು ನಿಜ. ಅದಕ್ಕೇ ಲೂಥರ್ 1517ರಲ್ಲಿ 95 ವಾದಗಳನ್ನು ಬರೆದದ್ದೂ ನಿಜ. ಆದರೆ 1567ರಲ್ಲಿ ಐದನೇ ಪಯಸ್ ಪೋಪರು ಹಣಕ್ಕೆ ಅಂಟಿಕೊಂಡಿದ್ದ ಎಲ್ಲ ಇಂಡಲ್ಜೆನ್ಸ್‌ಗಳನ್ನು ರದ್ದು ಮಾಡಿದರು. ಇಂಡಲ್ಜೆನ್ಸ್ ಪಾಪಕ್ಕೆ ಕ್ಷಮೆಯೂ ಅಲ್ಲ. ಕ್ಷಮೆಯಾದ ಪಾಪದ ಉಳಿದ ದಂಡದಿಂದ ಬಿಡುಗಡೆ ಅಷ್ಟೇ. ಈಗ ನಡೆಯುವ ಕ್ರಮ ಇದು. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಬೇಕು, ಮನಸ್ಸಿನಲ್ಲೇ ಆದರೂ ಸಾಕು. ಜೊತೆಗೆ ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಮಾಡಿರಬೇಕು, ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಿರಬೇಕು, ಪೋಪರ ಉದ್ದೇಶಕ್ಕಾಗಿ ಪ್ರಾರ್ಥಿಸಬೇಕು, ಸಣ್ಣ ಪಾಪದ ಮೇಲೂ ಮೋಹ ಉಳಿದಿರಬಾರದು. ಒಂದು ಪಾಪನಿವೇದನೆ ಹಲವು ದಿನಗಳಿಗೆ ಸಾಕಾಗುತ್ತದೆ. ಪರಮಪ್ರಸಾದ ಮತ್ತು ಪೋಪರಿಗಾಗಿ ಪ್ರಾರ್ಥನೆ ಪ್ರತಿ ಸಲವೂ ಬೇಕು. ಪೂರ್ಣ ಇಂಡಲ್ಜೆನ್ಸ್, ಅಂದರೆ ಉಳಿದ ದಂಡವೆಲ್ಲ ಬಿಡುಗಡೆಯಾಗುವುದು, ದಿನಕ್ಕೆ ಒಂದೇ. ಜನ ಎಡವುವುದು ಪಾಪದ ಮೋಹ ಇರಬಾರದು ಎಂಬ ಶರತ್ತಿನಲ್ಲಿ. ಸಿಟ್ಟು, ಹಗೆ, ಆಸ್ತಿಯ ಆಸೆ ಒಳಗಿಟ್ಟುಕೊಂಡು ಸಮಾಧಿಯ ಮುಂದೆ ನಿಂತರೆ ಪೂರ್ಣದ್ದು ಸಿಗದು, ಭಾಗಶಃ ಮಾತ್ರ. ಈ ಶರತ್ತುಗಳಲ್ಲಿ ಮೇಣದಬತ್ತಿ ಎಲ್ಲಿದೆ? ರೂಪಾಯಿ ಎಲ್ಲಿದೆ? ಮೇಣದಬತ್ತಿ ಪುನರುತ್ಥಾನದ ನಿರೀಕ್ಷೆಯ ಗುರುತು. ಒಂದು ಹಚ್ಚಿದರೂ ಅದೇ, ನೂರು ಹಚ್ಚಿದರೂ ಅದೇ.

ಪೂಜೆಯ ಕಾಣಿಕೆಗೂ ಕಾನೂನು ಇದೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 945ರಿಂದ 958ರವರೆಗಿನ ನಿಯಮಗಳು ಅದಕ್ಕಾಗಿಯೇ ಇವೆ. ವ್ಯಾಪಾರದ ನೆರಳೂ ಕಾಣಬಾರದು ಎನ್ನುತ್ತದೆ 947. ಬಡವರಿಗೆ ಕಾಣಿಕೆಯಿಲ್ಲದೆಯೂ ಪೂಜೆ ಅರ್ಪಿಸಿರಿ ಎಂದು 945 ಗುರುಗಳನ್ನು ಒತ್ತಾಯಿಸುತ್ತದೆ. ಗುರುಗಳು ದಿನಕ್ಕೆ ಎರಡು ಮೂರು ಪೂಜೆ ಮಾಡಿದರೂ ಕ್ರಿಸ್‌ಮಸ್ ಬಿಟ್ಟರೆ ಒಂದರ ಕಾಣಿಕೆಯನ್ನಷ್ಟೇ ತಾವು ಇಟ್ಟುಕೊಳ್ಳಬಹುದು. ಮೇಣದಬತ್ತಿ ಎಣಿಸಲು ಒಂದು ಗಂಟೆ ನಿಂತಿದ್ದ ನಿಮ್ಮ ವರದಿಗಾರರಿಗೆ, ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿದ್ದ ಫಾದರನ್ನು ಒಂದು ಮಾತು ಕೇಳಲು ಪುರುಸೊತ್ತು ಇರಲಿಲ್ಲ!

ಇನ್ನು ಫೋಟೋ. ಆರ್.ಸಿ.ಯವರ ಪೂಜೆಯ ಸುದ್ದಿಗೆ ನೀವು ಹಾಕಿದ್ದು ಗೋಡೆಯ ಆಚೆಗಿನ ಸಿ.ಎಸ್.ಐ. ಸಮಾಧಿಗಳ ಚಿತ್ರ. ‘ಆತ್ಮಗಳ ಬಿಡುಗಡೆಗಾಗಿ ಪ್ರಾರ್ಥನೆ’ ಎಂದು ಅದರ ಕೆಳಗೆ ಬರಹ. ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆ) ಪರಂಪರೆಯ ಈ ಸಿ.ಎಸ್.ಐ. ಸಭೆಯವರು ಸತ್ತವರ ಬಿಡುಗಡೆಗಾಗಿ ಪ್ರಾರ್ಥಿಸುವುದೇ ಇಲ್ಲ. ಸಮಾಧಿ ತೊಳೆದು ಹೂವಿಡುತ್ತಾರೆ, ಆ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ, ಉಳಿದವರಿಗೆ ಸಮಾಧಾನ ಬೇಡುತ್ತಾರೆ. ಅವರ ನಂಬಿಕೆಯಲ್ಲಿ ಕ್ರಿಸ್ತನಲ್ಲಿ ಸತ್ತವನು ಆ ಕ್ಷಣವೇ ಕ್ರಿಸ್ತನ ಬಳಿ ಇದ್ದಾನೆ. ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸುವಿನಿಂದ ಸಿಕ್ಕ ಮಾತು, ‘ಈಹೊತ್ತೇ’ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು (ಲೂಕ 23:43). ಅವನಿಗೆ ಒಂದು ಸತ್ಕಾರ್ಯ ಮಾಡಲೂ ಸಮಯವಿರಲಿಲ್ಲ.

ಹಾಗಂತ ಪ್ರೊಟೆಸ್ಟೆಂಟರಿಗೆ ಸತ್ಕಾರ್ಯ ಬೇಡ ಎಂದು ನಿಮ್ಮ ವರದಿಯ ಪಕ್ಕದ ಬಾಕ್ಸಿನಲ್ಲಿ ಹಾಕಿದ್ದೂ ತಪ್ಪು. ಪ್ರೊಟೆಸ್ಟೆಂಟರ ಧರ್ಮಬೋಧನೆಯ ಪುಸ್ತಕವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯಲ್ಲಿ ಮೂರು ಭಾಗ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಸತ್ಕಾರ್ಯ ಇರುವುದು ಮೂರನೆಯ ಭಾಗದಲ್ಲಿ. ಅದು ಬಿಡುಗಡೆಗೆ ಕೊಡುವ ಬೆಲೆಯಲ್ಲ, ಬಿಡುಗಡೆಯಾದವನ ಕೃತಜ್ಞತೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8 ಮತ್ತು 9ನೇ ವಚನ ಎತ್ತಿ ಹಾಕಿದ್ದೀರಿ, ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ ಎಂದು. ಹತ್ತನೆಯದನ್ನು ಬಿಟ್ಟಿರಿ. ಸತ್ಕ್ರಿಯೆಗಳಿಗಾಗಿಯೇ ನಾವು ನಿರ್ಮಿತರಾದೆವು ಎಂದು ಅಲ್ಲೇ ಇದೆ. ಯಾಕೋಬನ ಪತ್ರದ 2:24 ನಂಬಿಕೆಯೊಂದರಿಂದಲೇ ಅಲ್ಲ ಎನ್ನುತ್ತದೆ. ಅದನ್ನು ಹೇಗೆ ಓದಬೇಕು ಎಂಬಲ್ಲಿ ನಮ್ಮಿಬ್ಬರಿಗೂ ಜಗಳವಿದೆ. ಇಬ್ಬರ ಬೈಬಲ್ ಕನ್ನಡವೂ ಬೇರೆ, ಒಬ್ಬರದು ‘ವಿಶ್ವಾಸ’, ಇನ್ನೊಬ್ಬರದು ‘ನಂಬಿಕೆ’. ಆದರೆ ಹಸಿದವನಿಗೆ ಊಟ ಕೊಡದವನ ಗತಿ ಏನೆಂದು ಮತ್ತಾಯನ 25ನೇ ಅಧ್ಯಾಯ ಓದಿದ ಮೇಲೆ ಯಾರೂ ಸತ್ಕಾರ್ಯ ಬೇಡ ಎನ್ನುವುದಿಲ್ಲ.

ಇವೆಲ್ಲ ಹಳೆಯ ಜಗಳ ಎಂದು ಕೈಬಿಡುವಂತೆಯೂ ಇಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಹೇಳಿಕೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಸತ್ಕಾರ್ಯಕ್ಕೆ ಕರೆಯುತ್ತದೆ ಎಂಬುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಸುಧಾರಿತ ಸಭೆಗಳ ವಿಶ್ವ ಒಕ್ಕೂಟ ಸೇರಿಕೊಂಡವು. ಶುದ್ಧೀಕರಣ, ಸತ್ತವರಿಗಾಗಿ ಪ್ರಾರ್ಥನೆ ಇವುಗಳಲ್ಲಿ ಭೇದ ಉಳಿದಿದೆ, ಉಳಿದಿದೆ ಎಂದೇ ಹೇಳಬೇಕು. ಪ್ರಾರ್ಥನೆಗೆ ಆಧಾರವಾಗಿ ಕಥೋಲಿಕರು ತೋರಿಸುವ ಎರಡನೇ ಮಕ್ಕಬಿಯರ ಪುಸ್ತಕ ಅವರ ಬೈಬಲಿನ 73 ಪುಸ್ತಕಗಳಲ್ಲಿದೆ, ಪ್ರೊಟೆಸ್ಟೆಂಟರ 66ರಲ್ಲಿ ಇಲ್ಲ. ಬ್ರಹ್ಮಾವರದ ಕಡೆಯ ಆರ್ಥೊಡಾಕ್ಸ್ ಸಭೆಯ ಕ್ರೈಸ್ತರು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಶುದ್ಧೀಕರಣ ಸ್ಥಳದ ಬೋಧನೆ ಮಾತ್ರ ಅವರಲ್ಲಿಲ್ಲ. ಕರಾವಳಿಯಲ್ಲಿ ಕೂತು ಪತ್ರಿಕೆ ಮಾಡುವವರಿಗೆ ಇಷ್ಟು ಗೊತ್ತಿರಬೇಡವೇ? 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನಿನ ಪಾದ್ರಿ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಮಾಡಿ ಅವರ ಹೆಸರು ಹೇಳುತ್ತೀರಿ. ಅವರು ಸಾರಿದ್ದೇನೆಂದು ಮಾತ್ರ ವಿಚಾರಿಸುವುದಿಲ್ಲ.

ಪತ್ರಿಕೆಯನ್ನಷ್ಟೇ ಬೈದು ಏನು ಪ್ರಯೋಜನ, ಆಡಳಿತದವರೂ ಹಾಗೇ ಇದ್ದಾರೆ. ಉಪವಾಸದ, ಶೋಕದ ದಿನವಾದ ಶುಭ ಶುಕ್ರವಾರಕ್ಕೆ ಹಾರ್ದಿಕ ಶುಭಾಶಯಗಳ ಫ್ಲೆಕ್ಸ್ ಕಟ್ಟುತ್ತಾರೆ. ಹೇಳಿದರೆ ಮುಂದಿನ ವರ್ಷ ಇನ್ನೂ ದೊಡ್ಡ ಫ್ಲೆಕ್ಸ್ ಬರುತ್ತದೆ. ಸ್ಮಶಾನದ ರಸ್ತೆಯನ್ನು ಪೈಪಿಗೆಂದು ಅಗೆದವರು ಮಣ್ಣು ಮುಚ್ಚಿಲ್ಲ. ನವೆಂಬರ್ 2ರ ಸಂಜೆ ವಯಸ್ಸಾದವರು ಆ ಹೊಂಡ ದಾಟಲು ಪಟ್ಟ ಪಾಡು ನಿಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲ. ಬೀದಿದೀಪ ಉರಿಯದೆ ಇದ್ದುದರಿಂದ ಜನ ಮೇಣದಬತ್ತಿ ಹಿಡಿದೇ ಗುಡ್ಡೆ ಇಳಿದರು. ಬಹುಶಃ ಅದನ್ನೂ ನಿಮ್ಮವರು ಸ್ವರ್ಗದ ಲೆಕ್ಕಕ್ಕೆ ಸೇರಿಸಿರಬೇಕು. ಒಳಗಿನ ನಲ್ಲಿಯಲ್ಲಿ ನೀರಿಲ್ಲ, ಸಮಾಧಿ ತೊಳೆಯಲು ಕೊಡದಲ್ಲಿ ಹೊತ್ತು ತರಬೇಕು. ಅರ್ಜಿ ಕೊಟ್ಟರೆ ಆ ಸ್ಮಶಾನ ಖಾಸಗಿ ಎನ್ನುತ್ತಾರೆ, ರಸ್ತೆಯೂ ಖಾಸಗಿಯೇ ಎಂದು ಕೇಳಿದರೆ ನಾಳೆ ಬನ್ನಿ ಎನ್ನುತ್ತಾರೆ.

ನಮ್ಮಲ್ಲಿ ಒಬ್ಬರ ಒತ್ತಾಯ, ತಿದ್ದುಪಡಿ ಅದೇ ಮುಖಪುಟದಲ್ಲಿ, ಅದೇ ಗಾತ್ರದ ತಲೆಬರಹದಲ್ಲಿ ಬರಬೇಕು ಎಂದು. ಒಳಪುಟದ ಮೂಲೆಯ ಎರಡು ಸಾಲು ಬೇಡ. ಇನ್ನೊಬ್ಬರ ಅಭಿಪ್ರಾಯ, ತಿದ್ದುಪಡಿಯಿಂದ ಏನೂ ಆಗದು, ಮುಂದಿನ ನವೆಂಬರಿಗೆ ಮೊದಲು ಆ ವರದಿಗಾರರನ್ನು ಫಾದರ ಬಳಿಗೂ ಸಿ.ಎಸ್.ಐ. ಸಭೆಯ ಅಯ್ಯನವರ (ಪಾದ್ರಿಯ) ಬಳಿಗೂ ಒಂದೊಂದು ಗಂಟೆ ಕಳಿಸಿ ಎಂದು. ಎರಡನ್ನೂ ಮಾಡಿ. ಆ ಬೀದಿದೀಪದ ಬಗ್ಗೆಯೂ ಬರೆಯಿರಿ, ಹೊಂಡದ ಫೋಟೋ ಹಾಕಿ. ಈ ಸಲ ಗೋಡೆಯ ಯಾವ ಬದಿ ಎಂದು ನೋಡಿಕೊಂಡು ಹಾಕಿ.

ಇಂತಿ,
ಇಬ್ಬರು ಓದುಗರು
(ಹೆಸರು, ವಿಳಾಸ ನಿಮ್ಮ ಕಚೇರಿಗೆ ಪ್ರತ್ಯೇಕವಾಗಿ ತಿಳಿಸಿದ್ದೇವೆ)