ಕಪ್ಪು ಪೆಟ್ಟಿಗೆ ತೆರೆಯುವ ಮೊದಲೇ ತೀರ್ಪು

ಮಾನ್ಯರೇ,

ವಿಮಾನವೊಂದು ಇಳಿಯುವಾಗ ಅವಘಡಕ್ಕೀಡಾದರೆ ಸಾಕು, ಸಂಜೆಯೊಳಗೆ ಪೈಲಟ್‌ಗಳೇ ಟಿ.ವಿ.ಯಲ್ಲಿ ಕುಳಿತು ಕಾರಣ ಹೇಳತೊಡಗುತ್ತಾರೆ. ವೇಗ ಹೆಚ್ಚಾಗಿತ್ತು, ಇಳಿಯದೆ ಮತ್ತೆ ಮೇಲೇರಬೇಕಿತ್ತು, ಕ್ಯಾಪ್ಟನ್ ತಡಮಾಡಿದರು... ಅವರು ತಮ್ಮೊಳಗೆ ಚರ್ಚಿಸುವುದು ಸಹಜ. ಆ ವೃತ್ತಿಯಲ್ಲಿ ಕಲಿಯುವ ಬಗೆಯೂ ಅದೇ. ಆದರೆ ಅನುಭವಿಗಳ ಊಹೆ ನಮ್ಮಂಥ ಪ್ರಯಾಣಿಕರ ಕಿವಿಗೆ ತೀರ್ಪಾಗಿಯೇ ಬೀಳುತ್ತದೆ.

2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬೋಯಿಂಗ್ 777 ವಿಮಾನ ಲಂಡನ್ನಿನ ಹೀಥ್ರೂ ರನ್‌ವೇಗೆ ತುಸು ಮೊದಲೇ ಹುಲ್ಲಿನ ಮೇಲೆ ಅಪ್ಪಳಿಸಿತು. ಅದರಲ್ಲಿದ್ದ 152 ಮಂದಿಯೂ ಬದುಕಿದರು. ಆದರೂ ಕ್ಯಾಪ್ಟನ್ ಗಾಬರಿಯಿಂದ ಕೈಚೆಲ್ಲಿ ಕುಳಿತಿದ್ದರು ಎಂಬ ಗಾಳಿಮಾತು ಸಹೋದ್ಯೋಗಿಗಳಲ್ಲೇ ಹಬ್ಬಿತು. ಎರಡು ವರ್ಷಗಳ ನಂತರ ಬಂದ ಅಂತಿಮ ವರದಿ ಹೇಳಿದ್ದೇ ಬೇರೆ. ಇಂಧನದಲ್ಲಿದ್ದ ನೀರಿನಂಶ ಕೊಳವೆಗಳ ಒಳಗೆ ಹೆಪ್ಪುಗಟ್ಟಿ, ಇಳಿಯುವ ಹೊತ್ತಿಗೆ ಕಳಚಿ ಬಂದು, ಎಂಜಿನ್‌ಗೆ ಇಂಧನ ಹೋಗುವ ದಾರಿಯನ್ನೇ ಕಟ್ಟಿತ್ತು. ಆ ಕೊನೆಯ ಕ್ಷಣಗಳಲ್ಲಿ ಕ್ಯಾಪ್ಟನ್ ರೆಕ್ಕೆಯ ಫ್ಲ್ಯಾಪ್‌ಗಳನ್ನು (ಇಳಿಯುವಾಗ ಕೆಳಕ್ಕೆ ಚಾಚುವ ಪಟ್ಟಿಗಳನ್ನು) 30ರ ಮಟ್ಟದಿಂದ 25ಕ್ಕೆ ತಗ್ಗಿಸಿ ಗಾಳಿಯ ತಡೆ ಕಡಿಮೆ ಮಾಡಿದ್ದರಿಂದ ವಿಮಾನ ಸುಮಾರು 50 ಮೀಟರ್ ಹೆಚ್ಚು ಸಾಗಿ, ಮುಂದಿದ್ದ ಆಂಟೆನಾವನ್ನು ದಾಟಿತ್ತು. ಕೈಚೆಲ್ಲಿದರೆಂಬ ಅಪವಾದ ಹೊತ್ತವರು ಇವರೇ!

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಥ ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ. ಪ್ರಾಥಮಿಕ ವರದಿಗೆ 30 ದಿನಗಳ ಗಡುವೂ ಇದೆ. ಅಲ್ಲಿಯವರೆಗೆ ಪೈಲಟ್‌ಗಳ ಅಭಿಪ್ರಾಯ ಪ್ರಕಟಿಸುವುದಾದರೆ, ಅದು ಊಹೆ ಎಂಬುದನ್ನು ದಯವಿಟ್ಟು ಶೀರ್ಷಿಕೆಯಲ್ಲೇ ತಿಳಿಸಿ.

– ಓರ್ವ ಓದುಗ