ತೆನೆಹಬ್ಬಕ್ಕೆ ಮುನ್ನ ಪೋಷಕರಿಗೆ ಒಂದು ಪತ್ರ

ಮಾನ್ಯ ಪೋಷಕರೇ,

ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನ್ಮದಿನ. ನಮ್ಮ ಕಾಸರಗೋಡಿನ ಕೊಂಕಣಿ ಕ್ರೈಸ್ತರು ಮೊಂತಿ ಫೆಸ್ತ್ ಎಂದು ಕರೆಯುವ ಈ ತೆನೆಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ, ಅಂದರೆ ಚರ್ಚಿಗೆ, ಹೂ ಒಯ್ಯುತ್ತಾರೆ. ಹಬ್ಬದಂದು ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಹೊಸ ಭತ್ತದ ಕಾಳು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ತಮ್ಮ ಮನೆಯಲ್ಲಿ ಪುದ್ವಾರ್, ಅಂದರೆ ಹೊಸ ಅಕ್ಕಿಯ ಊಟ, ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. (ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ತೆನೆ ಹುಡುಕುವುದೇ ದೊಡ್ಡ ಕೆಲಸವಾಗಿರುವುದು ಬೇರೆ ಮಾತು.)

ಈ ಹಬ್ಬದ ಹೊತ್ತಿಗೆ ಮಕ್ಕಳ ಕೃತಜ್ಞತೆಯ ಬಗ್ಗೆ ಒಂದು ಮಾತು ಹೇಳಬೇಕೆನಿಸಿದೆ. ಕಳೆದ ತಿಂಗಳು ಒಂದು ಮಧ್ಯಾಹ್ನ ನಾಲ್ಕನೆಯ ತರಗತಿಯ ಹುಡುಗನೊಬ್ಬ ತಟ್ಟೆ ತೊಳೆದಿಟ್ಟು ತರಗತಿಗೆ ಹೋಗುವ ಬದಲು ಅಡುಗೆಮನೆಯ ಕಿಟಕಿಯ ಬಳಿಗೆ ಬಂದು, "ಅಕ್ಕಾ, ಇವತ್ತಿನ ಸಾಂಬಾರು ಲಾಯ್ಕ ಇತ್ತು" ಎಂದ. ಅಡುಗೆಯವರು ಸೆರಗಿನಲ್ಲಿ ಕೈ ಒರೆಸಿಕೊಂಡು ಅವನ ಹೆಸರು ಕೇಳಿದರು. ಊಟಕ್ಕೆ ಮೊದಲು ನಾವು ದಿನವೂ ಮಕ್ಕಳಿಂದ ಒಕ್ಕೊರಲಿನಲ್ಲಿ ವಂದನೆಯ ಪ್ರಾರ್ಥನೆ ಹೇಳಿಸುತ್ತೇವೆ. ಆದರೆ ಅನ್ನ ಬೇಯಿಸಿದವರ ಬಳಿಗೆ ಹೋಗಿ ಒಂದು ಮಾತಾಡಿ ಬನ್ನಿ ಎಂದು ನಾನು ಯಾವ ಮಗುವಿಗೂ ಹೇಳಿಕೊಟ್ಟಿರಲಿಲ್ಲ.

ಬೈಬಲಿನ ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವಿದೆ. ಮರಳಿ ಬಂದು ಕಾಲಿಗೆರಗಿದವನು ಒಬ್ಬನೇ. ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ಕೃತಘ್ನರೆಂದು ಬೈಯುವುದು ಸುಲಭ. ಆದರೆ ರೋಗ ವಾಸಿಯಾಗಿದೆಯೇ ಎಂದು ನೋಡಿ ಹೇಳುವ ಯಾಜಕರಿಗೆ ಮೈತೋರಿಸಿ ಎಂದು ಯೇಸುವೇ ಹೇಳಿದ್ದ. ಅದರಂತೆ ಹೋದ ಅವರು ಮಾತು ಕೇಳಿದ ಶಿಸ್ತಿನ ಜನ. ಶಾಲೆಯಲ್ಲಾದರೆ ನಾವು ಮೆಚ್ಚುವಂಥವರು. ಅವರು ಎಲ್ಲಿ ಎಂದು ಯೇಸು ಕೇಳಿದನೇ ಹೊರತು ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ.

ಇದನ್ನು ನಾನು ಒತ್ತಿ ಬರೆಯಲು ಕಾರಣವಿದೆ. "ನಿನಗಾಗಿ ಎಷ್ಟು ಕಷ್ಟಪಟ್ಟಿದ್ದೇವೆ, ನಿನಗೆ ಉಪಕಾರಸ್ಮರಣೆ ಬೇಡವೇ?" ಎಂಬ ಮಾತು ಪೋಷಕರ ಸಭೆಯಲ್ಲಿ ಮಕ್ಕಳ ಎದುರಿಗೇ ಕೇಳಿಬರುತ್ತದೆ. ನಾನೂ ನನ್ನ ಮಗಳಿಗೆ ಅದನ್ನೇ ಹೇಳಿದವಳು. ಹಾಗೆ ಕೇಳಿ ಪಡೆದ ಕೃತಜ್ಞತೆ ಸಾಲದ ಕಂತಿನಂತೆ ಬರುತ್ತದೆ, ಮಗು ಲೆಕ್ಕ ತೀರಿಸಿ ದೂರ ಸರಿಯುತ್ತದೆ. ಕೊಂಕಣಿಯಲ್ಲಿ ಉಪಕಾರ ಪಡೆದವರು "ದೇವ್ ಬರೆಂ ಕರುಂ", ಅಂದರೆ ದೇವರು ಒಳ್ಳೆಯದು ಮಾಡಲಿ, ಎನ್ನುತ್ತಾರೆ. ನಾನು ತೀರಿಸಲಾರದ್ದನ್ನು ದೇವರು ನೋಡಿಕೊಳ್ಳಲಿ ಎಂಬ ಭಾವ ಅದರಲ್ಲಿದೆ.

ಆದ್ದರಿಂದ ಈ ಒಂಬತ್ತು ದಿನ, ರಾತ್ರಿ ಊಟಕ್ಕೆ ಕುಳಿತಾಗ, ಆ ದಿನ ನಿಮಗೆ ನೆರವಾದ ಒಬ್ಬರ ಹೆಸರನ್ನು ಮೊದಲು ನೀವೇ ಹೇಳಿ: ಬಸ್ಸಿನಲ್ಲಿ ಚೀಲ ಹಿಡಿದುಕೊಂಡವರಿರಬಹುದು, ತೋಟಕ್ಕೆ ಮದ್ದು ಬಿಡಲು ಬಂದವರಿರಬಹುದು. ಮಗು ತಾನಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಒತ್ತಾಯ ಬೇಡ. ಜ್ವರ ಬಂದ ದಿನ, ಅಡಿಕೆಗೆ ಕೊಳೆರೋಗ ತಗಲಿದ ವರ್ಷ, ಎಲ್ಲವೂ ಒಳ್ಳೆಯದಕ್ಕೇ ಎಂದು ಅವರಿಗೆ ಉಪದೇಶಿಸಲೂಬೇಡಿ. ಅಪೊಸ್ತಲ ಪೌಲನು ಥೆಸಲೋನಿಕ ಪಟ್ಟಣದ ಕ್ರೈಸ್ತರಿಗೆ ಬರೆದದ್ದು ಎಲ್ಲ ಸ್ಥಿತಿಯಲ್ಲೂ ದೇವರಿಗೆ ವಂದಿಸಿ ಎಂದೇ ಹೊರತು ನೋವನ್ನು ನೋವಲ್ಲವೆನ್ನಿ ಎಂದಲ್ಲ.

ಇದಕ್ಕೆ ಶಾಲೆಯಲ್ಲಿ ಅಂಕವಿಲ್ಲ, ಬರೆದು ತರಬೇಕಾಗಿಯೂ ಇಲ್ಲ. ಇಗರ್ಜಿಗೆ ಹೂ ಒಯ್ಯುವ ಮಕ್ಕಳಿಗೆ ದಯವಿಟ್ಟು ಪೇಟೆಯಿಂದ ಹೂ ಕೊಂಡು ಕೊಡಬೇಡಿ. ಅಂಗಳದಲ್ಲಿ ಇಲ್ಲದಿದ್ದರೆ ನೆರೆಮನೆಯವರನ್ನು ಮಕ್ಕಳೇ ಕೇಳಿ ಕೊಯ್ದುಕೊಳ್ಳಲಿ.

ಇತಿ,
ಮುಖ್ಯೋಪಾಧ್ಯಾಯಿನಿ